ಗಾಜು ಒರೆಸುವವರು ಯಾರು?

‘ಪ್ರಕೃತಿಯಿಂದ ಸ್ಫೂರ್ತಿ ಪಡೆದ ಬೆಟ್ಟದ ಮನೆ’ - ಈ ಮಾತನ್ನು ಈಚೆಗೆ ಎಷ್ಟು ಸಲ ಓದಿದ್ದೀರಿ, ಲೆಕ್ಕ ಇಟ್ಟಿದ್ದೀರಾ? ಭಾನುವಾರದ ಪುರವಣಿ ಬಿಡಿಸಿದರೆ ಅದು. ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಅಲ್ಲಿದ್ದ ನುಣುಪು ಕಾಗದದ ಪತ್ರಿಕೆ ತಿರುವಿದರೆ ಅದು. ಮಗನೋ ಅಳಿಯನೋ ಮೊಬೈಲಿಗೆ ಕಳಿಸುವ ಚಿತ್ರಗಳಲ್ಲೂ ಅದೇ. ಬೆಟ್ಟದ ನೆತ್ತಿ, ಸುತ್ತ ಮಂಜು, ನಡುವೆ ಒಂದು ಮನೆ. ಗೋಡೆ ಇರಬೇಕಾದ ಕಡೆಯಲ್ಲೆಲ್ಲ ಗಾಜು. ಮಾಡು ಹಕ್ಕಿಯ ರೆಕ್ಕೆಯ ಹಾಗೆ, ಮೆಟ್ಟಿಲು ಬಸವನಹುಳುವಿನ ಚಿಪ್ಪಿನ ಹಾಗೆ, ಕಂಬ ಮರದ ಬೊಡ್ಡೆಯ ಹಾಗೆ. ಕಣಿವೆಯ ಅಂಚಿನಲ್ಲೊಂದು ನೀಲಿ ಈಜುಕೊಳ. ಬಿಳಿ ಉಡುಪಿನ ಹೆಂಗಸೊಬ್ಬಳು ಕಾಫಿ ಬಟ್ಟಲು ಹಿಡಿದು ಕಣಿವೆ ನೋಡುತ್ತ ನಿಂತಿರುತ್ತಾಳೆ.

ಚಿತ್ರ ಚೆನ್ನಾಗಿಯೇ ಇರುತ್ತದೆ. ಅದನ್ನು ನೋಡಿ ನಿಟ್ಟುಸಿರು ಬಿಡುವ ಗೆಳತಿಯರು ನನಗೂ ಇದ್ದಾರೆ. ನಾನು ಮಾತ್ರ ಆ ಚಿತ್ರದಲ್ಲಿ ಬೇರೆ ಏನನ್ನೋ ಹುಡುಕುತ್ತೇನೆ. ಆ ಹೆಂಗಸಿನ ಕೈಯಲ್ಲಿ ಕಾಫಿ ಇದೆ, ಕಾಫಿ ಕಾಯಿಸಿದ ಪಾತ್ರೆ ಎಲ್ಲಿ? ಅದನ್ನು ತೊಳೆದ ನೀರು ಯಾವ ಕಡೆ ಹೋಯಿತು? ಎರಡಾಳೆತ್ತರದ ಆ ಗಾಜನ್ನು ಒರೆಸಿದವರು ಯಾರು? ಒದ್ದೆ ಬಟ್ಟೆ ಹರವುವ ಹಗ್ಗ ಎಲ್ಲಿದೆ? ಈ ಮನೆ ಕೂರಲಿಕ್ಕೆ ಸಮತಟ್ಟು ಜಾಗ ಬೇಕಲ್ಲ, ಆ ಜಾಗಕ್ಕಾಗಿ ಕಡಿದ ಗುಡ್ಡದ ಮಣ್ಣು ಯಾರ ತೋಟದ ಮೇಲೆ ಬಿತ್ತು? ಚಿತ್ರ ತೆಗೆದವರು ಇದನ್ನೆಲ್ಲ ಬಿಟ್ಟು ಚಿತ್ರ ತೆಗೆದಿರುತ್ತಾರೆ. ಅದು ಅವರ ಕಸುಬು. ಮನೆಯ ನಕ್ಷೆ ಬರೆದವರೂ ಇದನ್ನೆಲ್ಲ ಬಿಟ್ಟೇ ಬರೆದರೆ? ನನ್ನ ಜಗಳ ಇರುವುದು ಅಲ್ಲಿ.

ಜಗಳವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಪ್ರಕೃತಿಯ ರೂಪವನ್ನು ನಕಲು ಮಾಡಿ, ಪ್ರಕೃತಿ ಅಲ್ಲಿ ಮಾಡುತ್ತಿರುವ ಕೆಲಸವನ್ನು ಕಡೆಗಣಿಸಿದ ಮನೆ ಬೆಟ್ಟಕ್ಕೂ ಹೊರೆ, ಆ ಮನೆ ನಡೆಸುವ ಹೆಂಗಸಿಗೂ ಹೊರೆ. ಗುಡ್ಡಕ್ಕೆ ಅದರದೇ ಕೆಲಸವಿದೆ. ಮಳೆಗಾಲದಲ್ಲಿ ನೀರು ಕುಡಿಯಬೇಕು, ಹೆಚ್ಚಾದದ್ದನ್ನು ಹಳ್ಳಕ್ಕೆ ಬಿಡಬೇಕು, ಬೇಸಿಗೆಗೆ ಒರತೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಇದನ್ನು ಅರಿಯದೆ ಕಂಬಕ್ಕೆ ಮರದ ಬೊಡ್ಡೆಯ ಆಕಾರ ಕೊಟ್ಟರೆ ಪ್ರಕೃತಿಗೆ ಗೌರವ ಸಂದಂತಾಗುವುದಿಲ್ಲ. ಅಮ್ಮನ ಪಟಕ್ಕೆ ಹಾರ ಹಾಕಿ, ಅಮ್ಮನನ್ನು ಹಿತ್ತಲಲ್ಲಿ ಕೂರಿಸಿದ ಹಾಗಾಗುತ್ತದೆ.

ಇಂಥ ಮನೆಗಳ ಮಾತು ಬಂದಾಗಲೆಲ್ಲ ಓದಿದವರು ಅಮೆರಿಕದ ಒಂದು ಮನೆಯ ಹೆಸರು ತೆಗೆಯುತ್ತಾರೆ. ‘ಫಾಲಿಂಗ್ ವಾಟರ್’ ಅಂತ. ಪೆನ್ಸಿಲ್ವೇನಿಯಾದ ಗುಡ್ಡಗಾಡಿನಲ್ಲಿ ಬೇರ್ ರನ್ ಎಂಬ ತೊರೆ ಇದೆ. ಪಿಟ್ಸ್‌ಬರ್ಗಿನ ದೊಡ್ಡ ಅಂಗಡಿಯ ಯಜಮಾನ ಎಡ್ಗರ್ ಕಾಫ್‌ಮನ್ ಅಲ್ಲಿ ವಾರಾಂತ್ಯದ ಮನೆ ಬೇಕೆಂದಾಗ, ಫ್ರಾಂಕ್ ಲಾಯ್ಡ್ ರೈಟ್ ಎಂಬ ಹೆಸರಾಂತ ಆರ್ಕಿಟೆಕ್ಟ್ 1935ರಲ್ಲಿ ನಕ್ಷೆ ಬರೆದ. ಜಲಪಾತ ಕಾಣುವ ಹಾಗೆ ಎದುರಿಗೆ ಮನೆ ಬರುತ್ತದೆಂದು ಯಜಮಾನ ಎಣಿಸಿದ್ದರೆ, ರೈಟ್ ಜಲಪಾತದ ಮೇಲೆಯೇ ಮನೆ ಕೂರಿಸಿದ. ಅಲ್ಲಿದ್ದ ಬಂಡೆಯನ್ನು ಒಡೆಯಲಿಲ್ಲ. ಅದು ಹಾಗೇ ಹಜಾರದೊಳಕ್ಕೆ ಬಂದು ಅಗ್ಗಿಷ್ಟಿಕೆಯ ಮುಂದಿನ ನೆಲವಾಯಿತು. ಗೋಡೆಗೆ ಅಲ್ಲಿಯದೇ ಕಲ್ಲು. ಪ್ರಪಂಚದ ಎಲ್ಲೆಡೆಯಿಂದ ಜನ ಹೋಗಿ ಇಂದಿಗೂ ಆ ಮನೆ ನೋಡುತ್ತಾರೆ. 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿತು. ಆ ಮನೆಯ ಚೆಲುವನ್ನು ಅಲ್ಲಗಳೆಯಲು ನಾನು ಯಾರು?

ಆದರೆ ಕತೆಯ ಉಳಿದರ್ಧವನ್ನು ನಮ್ಮವರು ಹೇಳುವುದಿಲ್ಲ. ಆ ಮನೆ ಸೋರುತ್ತಿತ್ತು. ಸೋರುವ ಕಡೆಯೆಲ್ಲ ಇಡಲು ಏಳು ಬಕೆಟ್ ಬೇಕೆಂದು ಯಜಮಾನನೇ ತಮಾಷೆ ಮಾಡುತ್ತಿದ್ದನಂತೆ. ಬೂಷ್ಟು ಹಿಡಿಯುವುದರ ಮೇಲೂ ಅವನದೊಂದು ಕುಚೋದ್ಯದ ಹೆಸರಿತ್ತು. ತೊರೆಯ ಮೇಲೆ ಚಾಚಿದ ಕಾಂಕ್ರೀಟಿನ ಬಾಲ್ಕನಿಗಳು ಆಸರೆಯ ಮರಗಳನ್ನು ತೆಗೆದ ಕೂಡಲೇ ಬಾಗತೊಡಗಿ, ವರ್ಷಗಳು ಕಳೆದಂತೆ ಸುಮಾರು ಏಳು ಅಂಗುಲ ಜಗ್ಗಿದವು. 2002ರಲ್ಲಿ ಒಳಗೆ ಉಕ್ಕಿನ ತಂತಿ ಬಿಗಿದು ಅವನ್ನು ನಿಲ್ಲಿಸಬೇಕಾಯಿತು. ಸಿರಿವಂತರ ಮನೆ, ಈಗ ಒಂದು ಸಂರಕ್ಷಣಾ ಸಂಸ್ಥೆಯ ಆಸ್ತಿ. ಹಾಗಾಗಿ ಅದು ನಿಂತಿದೆ.

ಇನ್ನೂ ಒಂದು ವಿಷಯ. ಆ ಮನೆಯಲ್ಲಿ ಎಲ್ಸಿ ಹೆಂಡರ್‌ಸನ್ ಎಂಬಾಕೆ 1947ರಿಂದ ಸುಮಾರು ಹದಿನೈದು ವರ್ಷ ಅಡಿಗೆ ಮಾಡಿದಳು. ಮನೆಯ ಬಗ್ಗೆ ಬಂದ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ. ಆಕೆಯ ಅಡಿಗೆ ಮತ್ತು ನೆನಪುಗಳ ಪುಸ್ತಕ ಬಂದದ್ದು 2008ರಲ್ಲಿ. ಬಂಡೆಯ ಹೆಸರು, ತೊರೆಯ ಹೆಸರು, ಆರ್ಕಿಟೆಕ್ಟನ ಹೆಸರು ಎಲ್ಲ ಲೋಕಕ್ಕೆ ಗೊತ್ತಾಗಿ ಎಪ್ಪತ್ತು ವರ್ಷವಾದ ಮೇಲೆ, ಒಲೆಯ ಮುಂದೆ ನಿಂತವಳ ಹೆಸರು ಪುಸ್ತಕದ ರಟ್ಟಿನ ಮೇಲೆ ಬಂತು. ಬಂತಲ್ಲ ಎಂದು ಸಂತೋಷಪಡೋಣ. ನಮ್ಮ ಬೆಟ್ಟದ ಬಂಗಲೆಗಳಲ್ಲಿ ದುಡಿಯುವವರದು ಅಷ್ಟೂ ಬರುವುದಿಲ್ಲ.

ಆ ಮನೆಗೆ ಒಂದು ಅನುಕೂಲವಿತ್ತು ಎನ್ನುವುದನ್ನೂ ಮರೆಯಬಾರದು. ಅದು ನಿಂತದ್ದು ಗಟ್ಟಿ ಬಂಡೆಯ ಮೇಲೆ. ಆ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಮಳೆ ನಮ್ಮ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಬಿಡುತ್ತದೆ. ಆಗುಂಬೆಯ ವರ್ಷದ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲು. ನಮ್ಮ ಗುಡ್ಡಗಳ ಮೇಲೆ ಇರುವುದು ದಪ್ಪನೆಯ ಕೆಂಪು ಮಣ್ಣು, ಅದರಡಿ ಜಂಬಿಟ್ಟಿಗೆ, ಇನ್ನೂ ಕೆಳಗೆ ಕಲ್ಲು. ನಮ್ಮವರು ಅಲ್ಲಿಂದ ಚಾಚಿದ ಬಾಲ್ಕನಿ ತಂದರು, ಗಾಜು ತಂದರು. ಬಂಡೆಯನ್ನು ತರಲಿಕ್ಕೆ ಆಗುತ್ತದೆಯೇ? ಬೆಟ್ಟದಲ್ಲಿ ಮನೆ ಮಾಡಿದವರು ಯಾವುದಕ್ಕೆ ಅಂಜಬಾರದೆಂದು ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲೇ ಹೇಳಿಟ್ಟಿದ್ದಾಳೆ. ಮಳೆಗೆ ಅಂಜಬಾರದೆಂದು ಮಾತ್ರ ಅವಳೂ ಹೇಳಲಿಲ್ಲ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಈ ಮಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಯಲುಸೀಮೆಯ ಗೆಳತಿಯರಿಗಾಗಿ ಹೇಳುತ್ತೇನೆ. ಅದು ನೈಋತ್ಯದಿಂದ ಅಡ್ಡಡ್ಡ ಹೊಡೆಯುವ ಮಳೆ, ಮೇಲಿನಿಂದ ಬೀಳುವುದು ಕಡಿಮೆ. ಅದಕ್ಕೇ ನಮ್ಮ ಹಿರಿಯರು ಮಾಡನ್ನು ಕಡಿದಾಗಿ ಇಳಿಸಿ, ಸೂರನ್ನು ತಲೆ ತಾಗುವಷ್ಟು ತಗ್ಗಿಸಿ, ಅದೂ ಸಾಲದೆಂದು ಮಳೆಗಾಲದ ಮುಂಚೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹುಲ್ಲು ಸೋಗೆಯ ಜಾಗಕ್ಕೆ ಕ್ರಮೇಣ ಹೆಂಚು ಬಂತು. ಆದರೆ ಇಳಿಜಾರು ಬದಲಾಗಲಿಲ್ಲ. ಈಗ ನೋಡಿ, ಚಪ್ಪಟೆ ತಾರಸಿ ಹಾಕಿಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸೋರುತ್ತದೆ. ಆಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ನೀಲಿಯದೋ ಕೆಂಪಿನದೋ ಶೀಟು ಹೊದಿಸುತ್ತಾರೆ. ಮಲೆನಾಡಿನ ಯಾವ ಪೇಟೆಗೆ ಬೇಕಾದರೂ ಹೋಗಿ ತಲೆಯೆತ್ತಿ ನೋಡಿ, ಮನೆಗೊಂದು ಟೋಪಿ, ಟೋಪಿಗೊಂದು ಟೋಪಿ!

ಅಡ್ಡ ಹೊಡೆಯುವ ಆ ಮಳೆಗೆ ಎದುರಾಗಿ ಗಾಜಿನ ಗೋಡೆ ನಿಲ್ಲಿಸಿದರೆ ಏನಾಗುತ್ತದೆ? ಜೂನಿನಿಂದ ಸೆಪ್ಟೆಂಬರಿನವರೆಗೆ ಕಣಿವೆ ಕಾಣುವುದಿಲ್ಲ, ಹರಿಯುವ ನೀರು ಕಾಣುತ್ತದೆ. ಒಳಗಡೆ ಗಾಜು ಬೆವರುತ್ತದೆ. ಸೋಫಾದ ಬೆನ್ನಿಗೆ ಬೂಷ್ಟು. ಮೊದಲ ಮಳೆಗೆ ಏಳುವ ದೀಪದ ಹುಳುಗಳೆಲ್ಲ ಬೆಳಕು ಕಂಡು ಬಂದು ಗಾಜಿಗೆ ಅಂಟಿ, ಬೆಳಿಗ್ಗೆ ಮೊರದಲ್ಲಿ ತುಂಬುವಷ್ಟು ರೆಕ್ಕೆ. ಚಳಿಗಾಲದಲ್ಲಿ ಹಕ್ಕಿಗಳು ಗಾಜನ್ನು ಆಕಾಶವೆಂದು ತಿಳಿದು ಹಾರಿ ಬಂದು ಕುತ್ತಿಗೆ ಮುರಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಅದೇ ಗಾಜಿನೊಳಗೆ ಕೂತರೆ ಹಪ್ಪಳ ಒಣಗಬಹುದು. ಆಗ ಪರದೆ ಹಾಕಿ, ಏಸಿ ಹಾಕುತ್ತಾರೆ. ಬೆಟ್ಟದ ತಂಪಿಗೆಂದು ಬಂದವರು!

ಹಾಗಂತ ನಾನು ಹಳೆಯ ಮನೆಗಳನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುವವಳಲ್ಲ. ಪೇಟೆಯಲ್ಲಿ ಕೂತು ತೊಟ್ಟಿಮನೆಯ ಗುಣಗಾನ ಮಾಡುವವರಲ್ಲಿ ಹೆಚ್ಚಿನವರು ಗಂಡಸರು ಎಂಬುದನ್ನು ನೀವೂ ಗಮನಿಸಿರಬಹುದು. ಅವರ ನೆನಪಿನಲ್ಲಿ ಇರುವುದು ಜಗಲಿ. ಗಾಳಿ ಬೆಳಕು ಇದ್ದದ್ದು ಅಲ್ಲೇ. ಎಲೆ ಅಡಿಕೆಯ ತಟ್ಟೆ ಇದ್ದದ್ದೂ ಅಲ್ಲೇ. ನಮ್ಮ ಅಜ್ಜಿಯ ನೆನಪಿನಲ್ಲಿ ಇದ್ದದ್ದು ಒಳಗಿನ ಅಡಿಗೆಮನೆ. ಹಗಲಲ್ಲೂ ದೀಪ ಬೇಕಾದ ಕತ್ತಲೆ, ಹಸಿ ಸೌದೆಯ ಹೊಗೆ, ಮಾಡಿನ ಗಾಜಿನ ಹೆಂಚೊಂದರಿಂದ ಇಳಿಯುವ ಅಂಗೈಯಗಲ ಬಿಸಿಲು. ಬಾಣಂತಿ ಕೋಣೆಗೆ ಕಿಟಕಿಯೇ ಇಲ್ಲ. ಬಚ್ಚಲು ಅಷ್ಟು ದೂರ, ಬಾವಿ ಅದಕ್ಕಿಂತ ದೂರ. ಆ ಮನೆ ಮಳೆಯನ್ನು ಬಲ್ಲದು, ಇಳಿಜಾರನ್ನು ಬಲ್ಲದು. ಹೆಂಗಸಿನ ಕಣ್ಣು ಉರಿಯುತ್ತದೆಂಬುದನ್ನು ಬಲ್ಲದು ಎನ್ನಲಾರೆ.

ಹೀಗಾಗಿ ಎರಡೂ ಕಾಲದ ಮನೆಗಳ ಮೇಲೆ ನನಗೆ ಒಂದೇ ದೂರು. ಆಗ ಗಾಳಿ ಜಗಲಿಗೆ, ಹೊಗೆ ಒಳಗಿನವರಿಗೆ. ಈಗ ನೋಟ ಅತಿಥಿಗಳಿಗೆ, ಒರೆಸುವ ಬಟ್ಟೆ ಕೆಲಸದವಳಿಗೆ. ವ್ಯತ್ಯಾಸ ಒಂದಿದೆ. ಹಳೆಯ ಮನೆ ಗುಡ್ಡದ ಮಾತನ್ನಾದರೂ ಕೇಳಿತ್ತು. ಅದು ನೆತ್ತಿಯ ಮೇಲೆ ಕೂರುತ್ತಿರಲಿಲ್ಲ, ಹಳ್ಳದ ದಾರಿಯಲ್ಲಿ ಕೂರುತ್ತಿರಲಿಲ್ಲ. ಗಟ್ಟಿ ನೆಲ ಸಿಕ್ಕ ಕಡೆ, ಗದ್ದೆ ತೋಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಕೂತು, ಹಿಂದುಗಡೆ ಗುಡ್ಡದಿಂದ ಇಳಿಯುವ ನೀರು ಮನೆಗೆ ತಾಗದಂತೆ ಅಗಳು ತೆಗೆಸಿಕೊಳ್ಳುತ್ತಿತ್ತು. ಕೊಡಗಿನ ಐನ್‌ಮನೆಗಳೂ ಗದ್ದೆಯ ಬಯಲನ್ನು ನೋಡಿಕೊಂಡು ಕೂತವೇ. ಹೊಸ ಮನೆ ಗುಡ್ಡದ ಮಾತನ್ನೂ ಕೇಳುವುದಿಲ್ಲ, ಹೆಂಗಸಿನ ಮಾತನ್ನೂ ಕೇಳುವುದಿಲ್ಲ.

ಗುಡ್ಡ ಕಡಿಯುವುದರಲ್ಲಿ ಏನಾಗುತ್ತದೆ ಎಂಬುದನ್ನು ಎಂಜಿನಿಯರುಗಳು ದೊಡ್ಡ ಮಾತಿನಲ್ಲಿ ಹೇಳುತ್ತಾರೆ. ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಅಕ್ಕಿಯ ರಾಶಿ ಇದೆ ಎನ್ನಿ. ಅದರ ಬುಡದಿಂದ ಒಂದು ಸೇರು ಎತ್ತಿದರೆ ಮೇಲಿನದು ಜಾರಿ ಬರುತ್ತದೆಯೇ ಇಲ್ಲವೇ? ಗುಡ್ಡದ ಇಳಿಜಾರೂ ಹಾಗೆ ತನ್ನ ಬುಡದ ಮೇಲೆ ನಿಂತಿರುತ್ತದೆ. ಜೆ.ಸಿ.ಬಿ. ಬಂದು ಬುಡವನ್ನು ನೆಟ್ಟಗೆ ಕಡಿದು ದರೆ ನಿಲ್ಲಿಸುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತಾರೆ. ಆ ಸಡಿಲ ಮಣ್ಣಿನ ಮೇಲೆ ಮನೆಯ ಭಾರ, ಈಜುಕೊಳದ ಭಾರ, ಬಚ್ಚಲಗುಂಡಿಯ ನೀರು. ನೀರು ಇಳಿಯುತ್ತಿದ್ದ ಸಣ್ಣ ಸಣ್ಣ ದಾರಿಗಳು ಮುಚ್ಚಿರುತ್ತವೆ. ಬೇರು ಬಿಟ್ಟು ಮಣ್ಣನ್ನು ಹಿಡಿದಿದ್ದ ಮರಗಳು ‘ನೋಟಕ್ಕೆ ಅಡ್ಡ’ ಬರುತ್ತವೆಂದು ಹೋಗಿರುತ್ತವೆ. ವಾರಗಟ್ಟಲೆ ಮಳೆ ಹಿಡಿದಾಗ ನೀರು ಕುಡಿದು ತೂಕ ಏರಿದ ಮಣ್ಣು ಒಳಗಿನ ಕಲ್ಲಿನ ಮೇಲೆ ಜಾರುತ್ತದೆ. ಬಯಲಿನಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ ಕೂಡ ಕಡಿದಾದ ಇಳಿಜಾರಿನಲ್ಲಿ ಅಪಾಯವಾಗಬಹುದು.

ಇದು ಹೆದರಿಸುವ ಮಾತಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡಗಳು ಇಳಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ಮಳೆಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದನ್ನೂ ಕಾರಣವೆಂದು ಹೆಸರಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ನಿದ್ದೆಯಲ್ಲಿದ್ದಾಗಲೇ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವಯನಾಡಿನಲ್ಲಿ ಗುಡ್ಡ ಕುಸಿದದ್ದು ಬಹಳ ಮೇಲೆ, ಕಾಡಿನಲ್ಲಿ, ವಿಪರೀತ ಮಳೆಗೆ. ಅದನ್ನು ಯಾರದೋ ಬಂಗಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ತಾನಾಗಿಯೇ ಇಷ್ಟು ಅಲುಗುವ ಗುಡ್ಡಗಳ ಬುಡವನ್ನು ನಾವು ಬೇರೆ ಕೆರೆಯಬೇಕೆ? ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಹೆಚ್ಚಾಯಿತೆಂದು ಕಸ್ತೂರಿರಂಗನ್ ಸಮಿತಿ 2013ರಲ್ಲಿ ಪಶ್ಚಿಮ ಘಟ್ಟದ ಸುಮಾರು ಶೇಕಡಾ 37 ಭಾಗವನ್ನಷ್ಟೇ ಸೂಕ್ಷ್ಮವೆಂದು ಗುರುತಿಸಿತು. ನಮ್ಮ ರಾಜ್ಯ ಅದನ್ನೂ ಒಪ್ಪಲಿಲ್ಲ. ಇತ್ತ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ಸಲೀಸಾಯಿತು.

ನನಗೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನನ್ನ ತವರು ತೀರ್ಥಹಳ್ಳಿ ಕಡೆಯ ಒಂದು ಮೂಲೆ. ಮನೆಯ ಹಿಂದಿನ ಗುಡ್ಡದ ಅರ್ಧ ನಮ್ಮದು, ಉಳಿದರ್ಧ ದಾಯಾದಿಗಳದು. ದಾಯಾದಿಗಳು ಅವರ ಪಾಲನ್ನು ಐದು ವರ್ಷದ ಕೆಳಗೆ ಬೆಂಗಳೂರಿನವರೊಬ್ಬರಿಗೆ ಮಾರಿದರು. ಅಲ್ಲೊಂದು ಪ್ರಕೃತಿ-ಸ್ಫೂರ್ತಿಯ ಮನೆ ಎದ್ದಿತು. ಮಾಡು ಎಲೆಯ ಆಕಾರದ್ದು. ಯಜಮಾನರು ಸಭ್ಯರೇ, ವರ್ಷಕ್ಕೆ ನಾಲ್ಕಾರು ಸಲ ಬರುತ್ತಾರೆ, ಅತ್ತಿಗೆಗೆ ‘ನಮಸ್ತೇ ಅಮ್ಮಾ’ ಎನ್ನುತ್ತಾರೆ. ಮನೆಗಾಗಿ ಕಡಿದ ದರೆ ಎರಡಾಳೆತ್ತರ ಇದೆ. ಗುಡ್ಡದ ಒರತೆಯಿಂದ ಅಡಿಕೆ ಮರದ ದೋಣಿಯಲ್ಲಿ ನಮ್ಮ ಹಿತ್ತಲಿಗೆ ಹರಿದು ಬರುತ್ತಿದ್ದ ಅಬ್ಬಿ ನೀರು ಆ ಮಣ್ಣಿನಡಿ ಸೇರಿತು. ಮೊದಲ ಮಳೆಗಾಲಕ್ಕೇ ಬಾವಿಗೆ ಕೆಂಪು ನೀರು ಇಳಿಯಿತು. “ಎಂತ ಮಾಡದು ಹೇಳು ಮಾರಾಯ್ತಿ, ಬಿಳಿ ಬಟ್ಟೆ ತೊಳೆದರೆ ಕಾವಿ ಬಟ್ಟೆ ಆಗ್ತದೆ. ಹೀಗೇ ಆದರೆ ಸನ್ಯಾಸ ತಗೊಳದೇ ಸೈ” ಎಂದು ಅತ್ತಿಗೆ ನಗುತ್ತಾಳೆ. ನಗುತ್ತಲೇ ಅವಳು ಅರುವತ್ತನೆಯ ವಯಸ್ಸಿನಲ್ಲಿ ಕೆಳಗಿನ ತೋಟದ ಬಾವಿಯಿಂದ ಕುಡಿಯುವ ನೀರು ಹೊರುತ್ತಿದ್ದಾಳೆ. ಪಂಪು ಇದೆ, ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ.

ಮೊದಲು ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸೇ ಈಗ ಮೇಲಿನ ಮನೆ ನೋಡಿಕೊಳ್ಳುತ್ತಾಳೆ. ಸಂಬಳ ನಾವು ಕೊಡುತ್ತಿದ್ದುದಕ್ಕಿಂತ ಹೆಚ್ಚು, ಅದನ್ನು ಹೇಳಲೇಬೇಕು. “ಆ ಗಾಜು ಒರ್ಸಿ ಒರ್ಸಿ ನನ್ ರಟ್ಟೆನೇ ಬಿದ್ದೋಯ್ತು ಅಮ್ಮಾ. ಬೆಳಿಗ್ಗೆ ಒರ್ಸಿದ್ರೆ ಮಧ್ಯಾಹ್ನಕ್ಕೆ ಮಳೆ” ಎಂದಳು. ಮನೆಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದ್ದರಿಂದ, ಬಂದವರು ಬಳಸಿದ ಹಾಸಿಗೆ ಬಟ್ಟೆಗಳನ್ನೆಲ್ಲ ತನ್ನ ಗುಡಿಸಲಿಗೆ ಹೊತ್ತು ತಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿಕೊಡುತ್ತಾಳಂತೆ. ಆ ಗುಡಿಸಲು ಇರುವುದು ಎಲ್ಲಿ ಗೊತ್ತೇ? ಆ ಮನೆಯ ಅಂಗಳಕ್ಕೆಂದು ತಳ್ಳಿದ ಸಡಿಲ ಮಣ್ಣಿನ ನೇರ ಕೆಳಗೆ. ರಾತ್ರಿ ಜೋರು ಮಳೆ ಬಂದರೆ ಅವಳು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಜಗಲಿಗೆ ಬಂದು ಮಲಗುತ್ತಾಳೆ. ಪ್ರಕೃತಿಯ ಸ್ಫೂರ್ತಿಯ ಲೆಕ್ಕದಲ್ಲಿ ಈ ಬಾಬತ್ತು ಯಾವ ಕಲಮಿನಲ್ಲಿ ಬರುತ್ತದೆ?

ಈಗ ಅದೇ ಕಡೆಯವರಿಗೆ ನಮ್ಮ ಅರ್ಧವೂ ಬೇಕಾಗಿದೆ. ಅಲ್ಲಿ ಅಂಥದೇ ಎಂಟು ಮನೆ ಕಟ್ಟುವ ಯೋಜನೆ. ಅಣ್ಣನಿಗೆ ಮನಸ್ಸಿದೆ. ಇಂಥ ಲೇಖನ ಬರೆಯುವವರು ಸಾಮಾನ್ಯವಾಗಿ ಇಲ್ಲಿ ಅಣ್ಣನನ್ನು ದುರಾಸೆಯವನನ್ನಾಗಿ ಮಾಡುತ್ತಾರೆ. ಅವನು ಹಾಗಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟ ಹಳದಿ ತಿರುಗಿದೆ. ಸೊಸೈಟಿಯ ಸಾಲವಿದೆ. ಅಣ್ಣನ ಮಗಳು ನೇರವಾಗಿಯೇ ಕೇಳಿದಳು: “ಅತ್ತೆ, ನಿಮಗೆ ಶಿವಮೊಗ್ಗದಲ್ಲಿ ಮನೆ ಉಂಟು, ಪೆನ್ಷನ್ ಉಂಟು. ಗುಡ್ಡ ಉಳಿಸಿ ಅಂತ ನೀವು ಹೇಳಬಹುದು. ನಾವು ಗುಡ್ಡ ನೋಡ್ಕೊಂಡು ಊಟ ಮಾಡಕ್ಕೆ ಆಗ್ತದಾ?” ಅವಳ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ನಾನು ಮಾರಲೇಬೇಡಿ, ಕಟ್ಟಲೇಬೇಡಿ ಎಂದು ಹಟ ಹಿಡಿಯುವುದಿಲ್ಲ. ಕಟ್ಟುವುದಕ್ಕೆ ಒಂದು ರೀತಿಯಿದೆ, ಆ ರೀತಿಯಲ್ಲಿ ಕಟ್ಟಿ ಎನ್ನುತ್ತೇನೆ.

ರೀತಿ ಇದೆಯೇ ಎಂದರೆ, ಇದೆ. ಲಾರಿ ಬೇಕರ್ ಹೆಸರು ಕೇಳಿರುತ್ತೀರಿ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ವೈದ್ಯೆಯಾಗಿದ್ದ ಹೆಂಡತಿ ಎಲಿಜಬೆತ್ ಜೊತೆ ಹಿಮಾಲಯದ ಪಿಥೋರಾಗಢದ ಬೆಟ್ಟಗಳಲ್ಲಿ ಹದಿನಾರು ವರ್ಷ ಬದುಕಿದ ಆರ್ಕಿಟೆಕ್ಟ್. ಬೆಟ್ಟದವರು ಅಲ್ಲಿಯದೇ ಕಲ್ಲು, ಮಣ್ಣು, ಮರದಲ್ಲಿ ಹೇಗೆ ಕಟ್ಟುತ್ತಾರೆಂದು ನೋಡಿ ತಾನು ಕಲಿತೆನೆಂದು ಅವರು ಹೇಳಿಕೊಳ್ಳುತ್ತಿದ್ದರು. ಆಮೇಲೆ ತಿರುವನಂತಪುರದ ನಾಲಾಂಚಿರದಲ್ಲಿ ಕಲ್ಲುಗುಡ್ಡದ ಕಡಿದಾದ ಇಳಿಜಾರಿನಲ್ಲಿ ತಮ್ಮ ಸ್ವಂತ ಮನೆ ಕಟ್ಟಿಕೊಂಡರು. ‘ದಿ ಹ್ಯಾಮ್ಲೆಟ್’ ಎಂದು ಅದರ ಹೆಸರು. ಅವರು ಗುಡ್ಡವನ್ನು ತಟ್ಟು ಮಾಡಿ ಮನೆ ಇಡಲಿಲ್ಲ, ಮನೆಯನ್ನೇ ತುಂಡು ತುಂಡಾಗಿ ಗುಡ್ಡದ ಏರಿಳಿತಕ್ಕೆ ಹೊಂದಿಸಿದರು. ಸಂಸಾರ ಬೆಳೆದ ಹಾಗೆ ಮನೆಯೂ ಬೆಳೆಯಿತು. ದೊಡ್ಡ ಗಾಜಿನ ಬದಲು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಜಾಲಿ. ಗಾಳಿ, ಬೆಳಕು ಬರುತ್ತದೆ, ಒರೆಸುವ ಕೆಲಸವಿಲ್ಲ. ಎಲೆಯ ಆಕಾರವೂ ಇಲ್ಲ, ಚಿಪ್ಪಿನ ಆಕಾರವೂ ಇಲ್ಲ. ಅವರು 2007ರಲ್ಲಿ ತೀರಿಕೊಂಡರು. ಅವರ ದಾರಿ ಗೊತ್ತಿರುವ ಆರ್ಕಿಟೆಕ್ಟುಗಳು, ಮೇಸ್ತ್ರಿಗಳು ನಮ್ಮಲ್ಲೂ ಇದ್ದಾರೆ. ಕೇಳಬೇಕಾದವರು ಕೇಳಬೇಕು.

ಕೇಳಬೇಕಾದವರು ಯಾರು? ನಾವೇ. ನಿವೃತ್ತಿಯ ಹಣದಲ್ಲೋ, ಮಗ ಹೊರದೇಶದಿಂದ ಕಳಿಸಿದ ಹಣದಲ್ಲೋ ‘ಬೆಟ್ಟದಲ್ಲಿ ಒಂದು ಸಣ್ಣ ಮನೆ’ ಎಂಬ ಆಸೆ ಎಷ್ಟೋ ಮನೆಗಳಲ್ಲಿ ಹುಟ್ಟುತ್ತಿದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಜಾಹೀರಾತಿನವರು ಹೇಳುವುದಿಲ್ಲ. ನಿಮ್ಮ ಮನೆಯವರು ಅಂಥ ಚಿತ್ರ ತಂದು ತೋರಿಸಿದಾಗ, ‘ಚೆನ್ನಾಗಿದೆ ರೀ’ ಎಂದು ಕಾಫಿಗೆ ನೀರಿಡಲು ಎದ್ದುಹೋಗಬೇಡಿ. ಕೂತು ಕೇಳಿ. ಈ ಜಾಗವನ್ನು ಡಿಸೆಂಬರಿನಲ್ಲಿ ನೋಡಿದಿರೋ, ಜುಲೈಯಲ್ಲಿ ನೋಡಿದಿರೋ? ಮಳೆನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ? ಎಷ್ಟು ಅಡಿ ದರೆ ಕಡಿಯಬೇಕು, ಕಡಿದ ಮಣ್ಣು ಎಲ್ಲಿ ಹಾಕುತ್ತಾರೆ? ಕೆಳಗೆ ಯಾರ ಮನೆಯಿದೆ, ಅವರ ಬಾವಿ ಎಲ್ಲಿದೆ? ಬಚ್ಚಲ ನೀರಿಗೆ ದಾರಿ ಯಾವುದು? ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ? ಗಾಜು ಒರೆಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ನಕ್ಷೆಗೆ ಎಷ್ಟೇ ಚೆಂದದ ಹೆಸರಿಟ್ಟರೂ ಅದು ಪ್ರಕೃತಿಯದಲ್ಲ. ‘ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂದಾರು. ನೀರು ಹೊತ್ತವರಿಗೆ ನೀರಿನ ದಾರಿ ತಿಳಿಯದೆ ಇನ್ಯಾರಿಗೆ ತಿಳಿದೀತು?

ಕೇಳುವುದಷ್ಟೇ ಅಲ್ಲ, ತಡೆಯುವ ಅಧಿಕಾರವೂ ನಮಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆ ದಿನ ತಂದೆ ಬದುಕಿದ್ದಿರಬೇಕು ಎಂಬ ಷರತ್ತೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದರೆ ಘಟ್ಟದ ಎಷ್ಟೋ ಗುಡ್ಡಗಳು ಕೈ ಬದಲಾಗಬೇಕಾದರೆ ಪೇಟೆಗೆ ಮದುವೆಯಾಗಿ ಬಂದ ನಮ್ಮಂಥವರ ಸಹಿ ಬೇಕು. ತವರಿನಿಂದ ಫೋನು ಬರುತ್ತದೆ, ಸೀರೆ ಕುಪ್ಪಸದ ಜೊತೆ ಕಾಗದ ಬರುತ್ತದೆ, ‘ಇಲ್ಲಿ ಒಂದು ಸಹಿ ಹಾಕಮ್ಮ’ ಎನ್ನುತ್ತಾರೆ. ತವರಿನ ಪ್ರೀತಿ ಕೆಡಬಾರದೆಂದು ಓದದೆ ಹಾಕಿಬಿಡುತ್ತೇವೆ. ತವರಿನ ಬಾವಿ ಕೆಡಬಹುದೆಂಬುದು ಆಗ ನೆನಪಾಗುವುದಿಲ್ಲ.

ನನಗೂ ಕಾಗದ ಬಂದಿದೆ. ನನ್ನ ಸಹಿ ಇನ್ನೂ ಬಿದ್ದಿಲ್ಲ. ಅಣ್ಣನಿಗೆ ಬರೆದಿದ್ದೇನೆ: ಎಂಟು ಮನೆಗೆ ನನ್ನ ಒಪ್ಪಿಗೆ ಇಲ್ಲ. ಕೆಳಗಿನ ಹಳೇ ಕಣದ ಗಟ್ಟಿ ನೆಲದಲ್ಲಿ, ಗುಡ್ಡ ಕಡಿಯದೆ, ಹೆಂಚಿನ ಮಾಡಿನ ಎರಡು ಕೋಣೆ ಕಟ್ಟಿ ಬಂದುಹೋಗುವವರಿಗೆ ಬಾಡಿಗೆಗೆ ಕೊಡುವುದಾದರೆ ನನ್ನ ಪಾಲಿನ ಹಣವನ್ನೂ ಹಾಕುತ್ತೇನೆ. ಕೋಣೆಗೆ ದೊಡ್ಡ ಕಿಟಕಿ ಇರಲಿ, ಅಡಿಗೆಮನೆಗೆ ಅದಕ್ಕಿಂತ ದೊಡ್ಡದು ಇರಲಿ. ಬಟ್ಟೆ ಒಣಗಿಸಲು ಮಾಡಿನಡಿ ಒಂದು ಜಗಲಿ ಇರಲಿ. ಒರತೆಯ ಮೇಲಿನ ಮಣ್ಣು ತೆಗೆಸಲು ಮೇಲಿನವರನ್ನು ನಾವಿಬ್ಬರೂ ಹೋಗಿ ಕೇಳೋಣ, ಕೇಳದಿದ್ದರೆ ಪಂಚಾಯಿತಿಗೆ ಅರ್ಜಿ ಕೊಡೋಣ. ಆ ಹೆಂಗಸಿನ ಗುಡಿಸಲಿಗೆ ನಮ್ಮ ಜಾಗದಲ್ಲಿ ಗಟ್ಟಿ ನೆಲ ಕೊಡೋಣ, ಅದು ಈ ಮಳೆಗಾಲದ ಮೊದಲೇ ಆಗಬೇಕು. ಅಣ್ಣನ ಉತ್ತರ ಇನ್ನೂ ಬಂದಿಲ್ಲ. ಅತ್ತಿಗೆ ಮಾತ್ರ ಫೋನು ಮಾಡಿ, ಕಣದ ಪಕ್ಕದ ಹಲಸಿನ ಮರ ಕಡಿಯುವುದು ಬೇಡ, ಕೋಣೆಯನ್ನೇ ನಾಲ್ಕು ಅಡಿ ಈಚೆ ತರಬಹುದು ಎಂದಳು. ಅಳತೆ ಹಿಡಿದು ನೋಡಿಯೇ ಹೇಳಿದ್ದಾಳೆ.